ಹೊಲಿಗಿ ಮೇಸ್ತ್ರಿ

ಮೇಸ್ತ್ರಿಯ ಬಲಗೈ ತೋರುಬೆರಳಿನ ಮೇಲೆ, ಮೊದಲ ಗೆಣ್ಣಿಗೆ ಅಡ್ಡಲಾಗಿ, ಒಂದು ಕಚ್ಚು ಇತ್ತು. ಹುಡುಗನಾಗಿದ್ದಾಗ ಗುಳೇದಗುಡ್ಡದ ಮನೆಯಲ್ಲಿ ಮಗ್ಗದ ಮುಂದೆ ಕೂತು, ಹರಿದ ಎಳೆಗಳನ್ನು ಎಳೆದು ಕಟ್ಟಿ ಕಟ್ಟಿ ನೂಲು ಕೊರೆದದ್ದು. ಆಮೇಲೆ ಮೂವತ್ತು ವರ್ಷ ಮೋಟಾರುಗಳ ಕೆಳಗೆ ಮಲಗಿ ಕೆಲಸ ಮಾಡಿದ್ದರಿಂದ ಆ ಕಚ್ಚಿನೊಳಗೆ ಎಣ್ಣೆಯ ಕಪ್ಪು ಇಳಿದಿತ್ತು. ಊಟಕ್ಕೆ ಮೊದಲು ಸೀಮೆಎಣ್ಣೆ, ಬೂದಿ, ಸಾಬೂನು ಮೂರರಲ್ಲೂ ಕೈ ತೊಳೆಯುತ್ತಿದ್ದರು. ಉಳಿದ ಬೆರಳುಗಳು ಬೆಳ್ಳಗಾದರೂ ಆ ಗೆರೆ ಮಾತ್ರ ಪೆನ್ನಿನಿಂದ ಎಳೆದ ಹಾಗೆ ಉಳಿಯುತ್ತಿತ್ತು.

ಹುನಗುಂದದಲ್ಲಿ ನಮ್ಮ ಮನೆಯ ಎದುರಿಗೇ ಅವರ ಗ್ಯಾರೇಜು. ನಾಲ್ಕು ಕಲ್ಲುಕಂಬ, ಮೇಲೆ ತಗಡು, ನಡುವೆ ಗಾಡಿಯ ಕೆಳಗೆ ಇಳಿದು ನಿಲ್ಲಲು ಒಂದು ಕುಣಿ. ನೇಕಾರನಿಗೂ ಮಗ್ಗದಲ್ಲಿ ಕಾಲು ಇಳಿಬಿಡಲು ಕುಣಿ ಇರುತ್ತದೆ. "ಆ ಕುಣ್ಯಾಗಿಂದ ಎದ್ದು ಈ ಕುಣ್ಯಾಗ ಬಿದ್ದೆ ನೋಡವಾ," ಎಂದು ಮೇಸ್ತ್ರಿ ನನಗೆ ಹೇಳುತ್ತಿದ್ದರು. "ನೆಲದ ಮ್ಯಾಲ ನಿಂತು ದುಡಿಯೂದು ನನ್ನ ಹಣ್ಯಾಗ ಬರದಿಲ್ಲ."

ಊರಿನಲ್ಲಿ ಅವರಿಗೆ ಹೊಲಿಗಿ ಮೇಸ್ತ್ರಿ ಎಂಬ ಹೆಸರಿತ್ತು. ಇಳಕಲ್ಲಿನ ಕಲ್ಲುಗಣಿಗಳಿಂದ ಲಾರಿ ತರುವ ಚಾಲಕರು ಅದನ್ನು ಕೂಗಿ ಕರೆದು ನಗುತ್ತಿದ್ದರು. ಆ ಹೆಸರು ಹೇಗೆ ಬಂತೆಂದು ಊರು ಹೇಳಿಕೊಳ್ಳುತ್ತಿದ್ದ ಕಥೆ ನಿಜವಲ್ಲ. ನಿಜವಲ್ಲವೆಂದು ಬಹಳ ವರ್ಷ ಇಬ್ಬರಿಗೇ ಗೊತ್ತಿತ್ತು: ಅವರಿಗೆ, ಮತ್ತು ನನಗೆ.

ನಾನು ಆಗ ಧಾರವಾಡದಲ್ಲಿ ಭೌತಶಾಸ್ತ್ರ ಓದುತ್ತಿದ್ದೆ. ರಜೆಗೆ ಬಂದಾಗ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಓದುತ್ತಿದ್ದುದು ಕಡಿಮೆ, ಗ್ಯಾರೇಜು ನೋಡುತ್ತಿದ್ದುದೇ ಹೆಚ್ಚು. ಮೇಸ್ತ್ರಿ ಯಾವುದೇ ಕಬ್ಬಿಣವನ್ನು ಅಂಗೈಯಿಂದ ಮುಟ್ಟಿ ನೋಡುತ್ತಿರಲಿಲ್ಲ. ಅಂಗೈ ಜಡ್ಡುಗಟ್ಟಿದೆ, ಅದಕ್ಕೆ ಏನೂ ತಿಳಿಯುವುದಿಲ್ಲ ಎಂದು ಮುಂಗೈಯನ್ನು ಹೊರಳಿಸಿ ಇಡುತ್ತಿದ್ದರು, ತಾಯಂದಿರು ಮಕ್ಕಳ ಹಣೆ ನೋಡುವ ಹಾಗೆ. ಮಾತು ಕಡಿಮೆ. ಆಡಿದರೆ ಅದು ಬಟ್ಟೆಯ ಮಾತೇ ಆಗಿರುತ್ತಿತ್ತು.

ಅವರ ಗ್ಯಾರೇಜಿಗೆ ಒಂದು ಬೇಸಿಗೆಯಲ್ಲಿ ದನದ ಡಾಕ್ಟರು ಹಳೆಯ ಅಂಬಾಸಿಡರ್ ಕಾರೊಂದನ್ನು ತಂದು ನಿಲ್ಲಿಸಿದರು. ಈ ಡಾಕ್ಟರು ಸರಕಾರಿ ಜೀಪಿನಲ್ಲಿ ಹಳ್ಳಿ ಹಳ್ಳಿ ತಿರುಗುತ್ತಿದ್ದ ವೇಗ ತಾಲ್ಲೂಕಿಗೆಲ್ಲ ಗೊತ್ತಿತ್ತು. "ಡಾಕ್ಟರ್ ಬರೂ ಸಪ್ಪಳಕ್ಕನ ಎತ್ತು ಹೆದರಿ ಎದ್ದು ನಿಂದರತೈತಿ, ಔಷಧಿ ಬೇಕಾಗೂದಿಲ್ಲ," ಎಂದು ರೈತರು ಆಡಿಕೊಳ್ಳುತ್ತಿದ್ದರು. ಹೊರಗಿನ ಒಂದು ಮೋಟಾರು ಸಂಘದವರು ಆ ವರ್ಷ ನಮ್ಮ ಕಡೆ ರ‍್ಯಾಲಿ ನಡೆಸುವವರಿದ್ದರು. ಬಾಗಲಕೋಟೆಯಿಂದ ಹೊರಟು ಬಾದಾಮಿ, ಗುಳೇದಗುಡ್ಡ, ಇಳಕಲ್ಲು, ಹುನಗುಂದ ಸುತ್ತಿ ತಿರುಗಿ ಬಾಗಲಕೋಟೆಗೆ; ಒಂದೊಂದು ನಿಮಿಷದ ಅಂತರದಲ್ಲಿ ಒಂದೊಂದು ಗಾಡಿ; ರಸ್ತೆಯೆಂದರೆ ಬಂಡಿಜಾಡು, ಹಳ್ಳ, ಎರೆಹೊಲದ ದಾರಿ. ಡಾಕ್ಟರಿಗೆ ದೂರದ ಜಿಲ್ಲೆಗೆ ವರ್ಗವಾಗಿತ್ತು. ರ‍್ಯಾಲಿ ಮುಗಿದ ತಿಂಗಳೊಳಗೆ ಹೋಗಬೇಕು.

"ಮೇಸ್ತ್ರಿ, ಗೆಲ್ಲೂದೇನೂ ಬ್ಯಾಡ," ಎಂದರು ಡಾಕ್ಟರು. "ನಾಕು ಮಂದಿ ಎದುರಿಗೆ ಹೊರಡಬೇಕು, ಮುಗಿಸಿ ಬರಬೇಕು. ನನಗ ಇದೊಂದ ಸಲ."

ಮೇಸ್ತ್ರಿ ಕಾರನ್ನು ಒಂದು ಸುತ್ತು ಹಾಕಿದರು. "ಇದರ ಮೈಯಾಗ ಜೀವ ಐತಿ. ಆದ್ರ ಹೊಲಿಗಿ ಸಡ್ಲ ಆಗೇತಿ. ಬಿಚ್ಚೂಣು."

ಎರಡು ತಿಂಗಳು ಬಿಚ್ಚಿದರು, ಕಟ್ಟಿದರು. ಮೊದಲು ಹಿಂದಿನ ಸೀಟು, ನೆಲದ ಹಾಸು, ಬಾಗಿಲುಗಳ ಒಳಗಿನ ಹೊದಿಕೆ ಹೋದವು. ನೆಲಕ್ಕೆ ಬಳಿದಿದ್ದ ಡಾಂಬರನ್ನು ಉಳಿಯಿಂದ ಕೆರೆದು ಕೆರೆದು ತೆಗೆದಾಗ ಎರಡು ಬುಟ್ಟಿ ತುಂಬಿತು. ಆಗ ತಗಡಿನ ಹಾಳೆಗಳು ಒಂದಕ್ಕೊಂದು ಸೇರುವ ಅಂಚುಗಳು ಕಂಡವು. ಕಾರ್ಖಾನೆಯಲ್ಲಿ ಆ ಅಂಚುಗಳಿಗೆ ಅಲ್ಲಲ್ಲಿ ಚುಕ್ಕಿ ಬೆಸುಗೆ ಹಾಕಿರುತ್ತಾರೆ. ಊರಿನ ರಸ್ತೆಗೆ ಅಷ್ಟು ಸಾಕು. ಮೇಸ್ತ್ರಿ ಆ ಅಂಚುಗಳ ಉದ್ದಕ್ಕೂ ಒಂದು ಇಂಚು ಬೆಸುಗೆ, ಒಂದು ಇಂಚು ಖಾಲಿ, ಮತ್ತೆ ಒಂದು ಇಂಚು, ಹೀಗೆ ಹಾಕುತ್ತ ಹೋದರು. ಈ ಕೆಲಸಕ್ಕೆ ಅವರು ವೆಲ್ಡಿಂಗ್ ಎನ್ನುತ್ತಿರಲಿಲ್ಲ. ಹೊಲಿಗೆ ಎನ್ನುತ್ತಿದ್ದರು.

"ಪೂರಾ ಯಾಕ ಹೊಲಿಯೂದಿಲ್ಲ ಕಾಕಾ?" ಎಂದು ಕೇಳಿದೆ.

"ಪೂರಾ ಹೊಲದ್ರ ಕಾವಿಗೆ ತಗಡು ಸುಕ್ಕ ಆಗತೈತಿ. ಗಾಡಿ ಅಂದ್ರ ಬಟ್ಟಿ ಇದ್ದಂಗ ತಂಗಿ. ಉದ್ದಕ್ಕ ಎಳಿ, ತಡೀತೈತಿ. ಅಡ್ಡ ಎಳಿ, ತಡೀತೈತಿ. ಮೂಲಿಗಿ ಎಳದ್ರ ಸೊಟ್ಟ ಆಗತೈತಿ. ಕೆಟ್ಟ ರಸ್ತಾ ಯಾವಾಗಲೂ ಮೂಲಿಗೇನ ಎಳೀತೈತಿ."

ಧಾರವಾಡದಲ್ಲಿ ತಿರುಚುಬಲದ ಪಾಠವನ್ನು ಎರಡು ವಾರ ಕೇಳಿದ್ದೆ. ಅದರಲ್ಲಿ ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ.

ಹಿಂದಿನ ಪಟ್ಟಿ ಸ್ಪ್ರಿಂಗಿಗೆ ಜೀಪಿನ ಒಂದು ಪಟ್ಟಿ ಸೇರಿತು. ಬ್ರೇಕಿನ ಕೊಳವೆ, ಪೆಟ್ರೋಲಿನ ಕೊಳವೆ ಕಲ್ಲು ಬಡಿಯದಂತೆ ಕಾರಿನ ಒಳಗಿನಿಂದ ಹಾದು ಬಂದವು. ಎಂಜಿನ್ನಿನ ಹೊಟ್ಟೆಯ ಕೆಳಗೆ ಲಾರಿಯ ಹಳೆಯ ಚಾಸಿಯಿಂದ ಕತ್ತರಿಸಿದ ದಪ್ಪ ತಗಡು ಕೂತಿತು, ಮುಂದಕ್ಕೆ ಮೇಲೇರಿ ಹಿಂದಕ್ಕೆ ಇಳಿಜಾರಾಗಿ, ಕಲ್ಲಿಗೆ ಬಡಿದರೆ ಜಾರಿ ಹೋಗುವಂತೆ. ಎರೆಮಣ್ಣು ಹಸಿಯಾದಾಗ ಗಾಲಿಗೂ ಮೇಲಿನ ಕಮಾನಿಗೂ ನಡುವೆ ಮೆತ್ತಿಕೊಂಡು ಗಾಲಿಯನ್ನೇ ನಿಲ್ಲಿಸಿಬಿಡುತ್ತದೆ. ಅದಕ್ಕೆ ಕಮಾನಿನ ಒಳಗಿನ ಅಂಚುಗಳನ್ನೆಲ್ಲ ಅರೆದು ನುಣುಪು ಮಾಡಿ ಹರಳೆಣ್ಣೆ ಸವರಿದರು.

ಎಂಜಿನ್ನಿಗೆ ಗಾಳಿ ಹೋಗುವ ಬಾಯಿಗೆ ಧೂಳು ತಡೆಯಲು ಬಟ್ಟೆ ಬೇಕಿತ್ತು. ಮೇಸ್ತ್ರಿ ಪೇಟೆಯಲ್ಲಿ ಸಿಕ್ಕ ಐದಾರು ನಮೂನೆ ಬಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಿ ಬದಿಗಿಟ್ಟರು. ಕೊನೆಗೆ ನಮ್ಮ ಬಾಗಿಲಿಗೆ ಬಂದು ನನ್ನ ತಾಯಿಯನ್ನು ಕೇಳಿದರು, "ಅಕ್ಕಾರ, ಹಳೀ ಇಳಕಲ್ ಸೀರಿ ಒಂದು ಇದ್ರ ಕೊಡ್ರಿ. ನೂಲಿಂದು. ಭಾಳ ಸಲ ಒಗದದ್ದು ಆಗಬೇಕು."

ತಾಯಿ ತಂದುಕೊಟ್ಟರು. ಅದನ್ನು ನಾಲ್ಕು ಮಡಿಕೆ ಮಾಡಿ, ಎಣ್ಣೆಯಲ್ಲಿ ಅದ್ದಿ ಹಿಂಡಿ ಕಟ್ಟಿದರು. ಮರುದಿನ ಡಾಕ್ಟರು ಬಂದು ಬಾನೆಟ್ ಎತ್ತಿ ನೋಡಿ, "ಸೀರಿ ಉಡಿಸೀರಿ ಅಂದ್ರ ಮುಂದ ಕುಂಕುಮಾನೂ ಹಚ್ಚತೀರೇನು?" ಎಂದರು.

"ಮೊದಲ ನೆಟ್ಟಗ ನಡಸ್ರಿ. ಆಮ್ಯಾಲ ಹಚ್ಚೂಣು."

ಇದೆಲ್ಲ ಅವರಿಗೆ ತಾವಾಗಿಯೇ ಹೊಳೆದ ಕೆಲಸ. ಗೊತ್ತಿಲ್ಲದ್ದು ಒಂದೇ, ಸಂಘದವರ ನಿಯಮಗಳು. ಅವು ಇಂಗ್ಲಿಷಿನಲ್ಲಿದ್ದವು. ಡಾಕ್ಟರು ಆ ತೆಳುವಾದ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, ಮೇಸ್ತ್ರಿಗೆ ಓದಿ ಹೇಳಲು ಕೇಳಿಕೊಂಡಿದ್ದರು. ನಾನು ಹೇಳುವುದಕ್ಕಿಂತ ಬರೆಯುವುದು ಮೇಲೆಂದುಕೊಂಡು, ಒಂದು ವಹಿಯಲ್ಲಿ ಎಲ್ಲವನ್ನೂ ಕನ್ನಡಕ್ಕಿಳಿಸಿದೆ. ಒಂದೊಂದು ಪದಕ್ಕೂ ನಿಘಂಟು ನೋಡಿದೆ. ಅಕ್ಷರ ದುಂಡಗೆ, ಅಂಕಿ ಹಾಕಿ, ಕೆಂಪು ಮಸಿಯಲ್ಲಿ ಗೆರೆ ಎಳೆದು. ಆ ವಹಿಯ ಬಗ್ಗೆ ನನಗೆ ಹೆಮ್ಮೆಯಿತ್ತು.

ಗಾಡಿ ಮಗುಚಿದರೆ ಒಳಗಿನವರ ತಲೆ ಉಳಿಯಲು ಸೀಟಿನ ಹಿಂದೆ ಉಕ್ಕಿನ ಕೊಳವೆಯ ಕಮಾನು ಇರಬೇಕು ಎಂದು ನಿಯಮ. ಆ ಕೊಳವೆ ಹೇಗಿರಬೇಕೆಂಬುದಕ್ಕೆ ಇಂಗ್ಲಿಷಿನಲ್ಲಿ ‘ಸೀಮ್‌ಲೆಸ್’ ಎಂದಿತ್ತು. ನಿಘಂಟಿನಲ್ಲಿ ಸೀಮ್ ಎಂದರೆ ಹೊಲಿಗೆ. ನಾನು ಬರೆದೆ: ‘ಕಮಾನಿನ ಕೊಳವೆಗೆ ಹೊಲಿಗೆ ಇರಬಾರದು.’

ಮೇಸ್ತ್ರಿ ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತರು. "ಒಂದೂ ಹೊಲಿಗಿ ಇರಬಾರದೇನು ತಂಗಿ?"

"ಇರಬಾರದು ಅಂತನ ಬರದೈತ್ರಿ," ಎಂದೆ. ಮೂಲವನ್ನು ಇನ್ನೊಮ್ಮೆ ತೆರೆದು ನೋಡಲಿಲ್ಲ.

ಅವರು ಒಂದು ವಾರ ಆ ಕಮಾನಿಗೇ ಕೊಟ್ಟರು. ನೀರಿನ ದಪ್ಪ ಕೊಳವೆ ತಂದು, ಒಳಗೆ ಮರಳು ತುಂಬಿ, ಕಾಯಿಸಿ ಬಗ್ಗಿಸಿದರು. ಕಮಾನು ಹಿಂದಕ್ಕೆ ವಾಲದಂತೆ ತಡೆಯುವ ಎರಡು ಊರುಗೋಲು ಕೊಳವೆಗಳನ್ನು ಅದಕ್ಕೆ ಜೋಡಿಸುವಲ್ಲಿ ಬೆಸುಗೆ ಹಾಕದೆ, ಪಟ್ಟಿ ಕಟ್ಟಿ, ತೂತು ಕೊರೆದು, ಬೋಲ್ಟು ಹಾಕಿ ಬಿಗಿದರು. ಬೆಸುಗೆಯಾದರೆ ಅರ್ಧ ದಿನದ ಕೆಲಸ. ಬೆವರು ಒರೆಸಿಕೊಳ್ಳುತ್ತ, "ಇಂಗ್ಲಿಷ್ ಮಂದಿ ಹೊಲಿಗೀಗೆ ಯಾಕ ಇಷ್ಟು ಹೆದರತಾರೋ," ಎಂದರು.

ರ‍್ಯಾಲಿಯ ಹಿಂದಿನ ದಿನ ಬಾಗಲಕೋಟೆಯ ಒಂದು ಮೈದಾನದಲ್ಲಿ ಗಾಡಿಗಳ ತಪಾಸಣೆ. ಚಿಕ್ಕಮ್ಮನ ಮನೆ ಅಲ್ಲಿಯೇ ಇದ್ದುದರಿಂದ ನಾನೂ ಹೋಗಿದ್ದೆ. ತಪಾಸಣೆಯವರು ದಕ್ಷಿಣದವರು, ಬಿಳಿ ಟೊಪ್ಪಿ, ಮೃದುವಾದ ಮಾತು. ಕಾರಿನ ಅಡಿ ನೋಡಿ, ಎಂಜಿನ್ನಿನ ಅಡಿಯ ತಗಡು ನೋಡಿ, ಇಂಚಿಂಚಿನ ಬೆಸುಗೆ ನೋಡಿ, "ಇದನ್ನ ಯಾರು ಮಾಡಿದ್ದು? ತುಂಬ ಚೆನ್ನಾಗಿದೆ," ಎಂದರು. ಮೇಸ್ತ್ರಿ ಟವೆಲಿನಲ್ಲಿ ಮುಖ ಒರೆಸಿಕೊಂಡರು. ಆಮೇಲೆ ತಪಾಸಣೆಯವರು ಕಮಾನಿನ ಕೊಳವೆಯ ತುದಿಯೊಳಗೆ ಬೆರಳು ಹಾಕಿ ಸವರಿ, ತಲೆ ಅಲ್ಲಾಡಿಸಿದರು.

"ಇಲ್ಲಿ ಉದ್ದಕ್ಕೂ ಜೋಡಿಸಿದ ಗೆರೆ ಸಿಗ್ತಿದೆ, ನೋಡಿ. ಇದು ತಗಡನ್ನ ಸುತ್ತಿ ಬೆಸೆದ ನೀರಿನ ಪೈಪು. ಮಗುಚಿದರೆ ಈ ಗೆರೆಯಲ್ಲೇ ಸೀಳುತ್ತೆ. ಗೆರೆಯೇ ಇಲ್ಲದೆ, ಇಡಿಯಾಗಿ ಎಳೆದ ಕೊಳವೆ ಬೇಕು ಅಂತ ನಿಯಮದಲ್ಲೇ ಇದೆಯಲ್ಲ. ಮತ್ತೆ ಈ ಬೋಲ್ಟುಗಳು ಯಾಕೆ? ಇಲ್ಲಿ ಬೆಸುಗೆ ಹಾಕಬಹುದಿತ್ತು."

ನನಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ಹೊಲಿಗೆ ಇರಬಾರದಿದ್ದದ್ದು ಕೊಳವೆಯ ಒಳಮೈಯಲ್ಲಿ. ಅದರ ಕೀಲುಗಳಲ್ಲಲ್ಲ.

ಡಾಕ್ಟರ ಮುಖ ಕಪ್ಪಿಟ್ಟಿತು. "ಏನ್ರಿ ಮೇಸ್ತ್ರಿ ಇದು? ಹೊಲಿಗಿ ಬ್ಯಾಡ ಬ್ಯಾಡ ಅಂತ ವಾರಗಟ್ಲೆ ಬೋಲ್ಟ ಜಡದ್ರಲ್ಲ! ವಹಿ ಓದಲಿಲ್ಲೇನು?"

ಮೇಸ್ತ್ರಿ ನನ್ನ ಕಡೆ ನೋಡಲಿಲ್ಲ. ನೋಡದಿರಲು ಅವರು ವಹಿಸಿದ ಎಚ್ಚರ ನನಗೆ ಮಾತ್ರ ಕಂಡಿತು.

"ಓದೇನ್ರಿ. ನಾನ ತಪ್ಪು ತಿಳಕೊಂಡೆ," ಎಂದರು.

ನಾನು ಬಾಯಿ ತೆರೆಯಬೇಕಿತ್ತು. ಸುತ್ತ ಮೂವತ್ತು ಗಂಡಸರು ನಿಂತಿದ್ದರು. ನಾನು ಸೆರಗಿನ ತುದಿ ಹಿಡಿದುಕೊಂಡು ನಿಂತೆ.

ತಪಾಸಣೆಯವರು ಗಡಿಯಾರ ನೋಡಿದರು. "ಸಂಜೆ ಆರರೊಳಗೆ ಬದಲಾಯಿಸಿ ತಂದರೆ ಇನ್ನೊಮ್ಮೆ ನೋಡ್ತೀನಿ. ಇಲ್ಲದಿದ್ದರೆ ನಾಳೆ ಬಿಡೋಕಾಗಲ್ಲ. ಇದು ನಿಮ್ಮ ಡ್ರೈವರ್ ತಲೆಯ ಪ್ರಶ್ನೆ."

ಆಗ ಬೆಳಗಿನ ಹತ್ತು ಗಂಟೆ. ಡಾಕ್ಟರು ಕಾರಿನ ಮುಂದೆ ನೆಲದ ಮೇಲೆಯೇ ಕೂತುಬಿಟ್ಟರು. ಮೇಸ್ತ್ರಿ ನಿಂತೇ ಇದ್ದರು. ತಪಾಸಣೆಯವರನ್ನು ಕೇಳಿದರು, "ಸಾಹೇಬ್ರ, ಬಾಯ್ಲರಿನ ಕೊಳವೀಗೆ ಒಳಗ ಗೆರಿ ಇರತೈತೇನ್ರಿ?"

ಅವರು ಯೋಚಿಸಿದರು. "ಇರಲ್ಲ. ಅದು ಇಡಿಯಾಗಿ ಎಳೆದದ್ದೇ."

"ಹಂಗಾರ ಸಂಜೀಕ ಬರ್ತೇನಿ."

ಬಾಗಲಕೋಟೆಯ ಹೊರಗೆ ಒಂದು ಹತ್ತಿ ಗಿರಣಿಯಿತ್ತು. ನಾನೂ ಅವರ ಜೊತೆ ಅಲ್ಲಿಗೆ ಹೋದೆ. ಅಲ್ಲಿಯ ಬಾಯ್ಲರನ್ನು ಮೇಸ್ತ್ರಿ ಒಮ್ಮೆ ರಿಪೇರಿ ಮಾಡಿಕೊಟ್ಟಿದ್ದರು; ಬಿಚ್ಚಿದ ಕೊಳವೆಗಳು ಹಿತ್ತಲಲ್ಲಿ ಬಿದ್ದಿದ್ದವು. ಅವರು ಒಂದೊಂದನ್ನೇ ಎತ್ತಿ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೇಳಿದರು. ಮೂರು ಕೊಳವೆಗಳ ಸದ್ದು ಕುಂದಿತ್ತು. ಒಳಗೆ ತುಕ್ಕು ತಿಂದಿದೆ ಎಂದು ಬಿಟ್ಟರು. ನಾಲ್ಕನೆಯದು ಗಂಟೆಯ ಹಾಗೆ ನುಡಿಯಿತು. ಒಳಗೆ ಬೆರಳು ಹಾಕಿ ಸವರಿದರು, ತಪಾಸಣೆಯವರು ಮಾಡಿದ ಹಾಗೆಯೇ. ಗೆರೆ ಇರಲಿಲ್ಲ.

ಬಗ್ಗಿಸಬೇಕಾದರೆ ಒಳಗೆ ಮರಳು ತುಂಬಬೇಕು. ಮರಳಿನಲ್ಲಿ ಹನಿ ಪಸೆಯಿದ್ದರೂ ಕಾಯಿಸಿದಾಗ ಹಬೆಯಾಗಿ ಕೊಳವೆ ಸಿಡಿಯುತ್ತದೆ. ಘಟಪ್ರಭೆಯ ಮರಳು ಹಸಿಯಾಗಿತ್ತು. ಮೇಸ್ತ್ರಿ ಕಬ್ಬಿಣದ ಬುಟ್ಟಿಯೊಂದನ್ನು ಒಲೆಯ ಮೇಲಿಟ್ಟು ನನ್ನ ಕೈಗೆ ಸಲಿಕೆ ಕೊಟ್ಟರು. "ಹುರಿ ತಂಗಿ. ಕೈ ನಿಂದರಸಬ್ಯಾಡ."

ಗಿರಣಿಯ ಹೆಂಗಸರು ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿದ್ದರು. ಅವರಲ್ಲೊಬ್ಬಳು, "ಏನ್ ಹುರಿಯಾಕತ್ತೀರಿ ಅಕ್ಕಾರ, ಶೇಂಗಾ ಏನು? ನಮಗೂ ಒಂದು ಹಿಡಿ ಕೊಡ್ರಿ," ಎಂದಳು. ಉಳಿದವರು ನಕ್ಕರು. ನಾನು ಕೈ ನಿಲ್ಲಿಸಲಿಲ್ಲ. ಅಂಗೈಯಲ್ಲಿ ಬೊಕ್ಕೆ ಎದ್ದದ್ದು ಆಮೇಲೆ ಗೊತ್ತಾಯಿತು.

ಹಳೆಯ ಕಮಾನನ್ನು ನೆಲದ ಮೇಲೆ ಮಲಗಿಸಿ ಅದರ ಅಳತೆಗೆ ಹೊಸದನ್ನು ಬಗ್ಗಿಸಿದರು. ಕೀಲುಗಳಿಗೆ ಈ ಸಲ ಸುತ್ತಲೂ, ಬಿಡುವಿಲ್ಲದೆ ಬೆಸುಗೆ ಹಾಕಿದರು. ಡಾಕ್ಟರು ಇಡೀ ದಿನ ಕುಲುಮೆಗೆ ಗಾಳಿ ಒತ್ತಿದರು, ಭಾರ ಹಿಡಿದರು. ಐದೂವರೆಗೆ ಕಾರು ಮೈದಾನದಲ್ಲಿತ್ತು. ಕಮಾನು ಇನ್ನೂ ಬಿಸಿಯಾಗಿತ್ತು. ತಪಾಸಣೆಯವರು ಕೊಳವೆಯೊಳಗೆ ಬೆರಳು ಹಾಕಿದರು, ಒಂದೊಂದು ಕೀಲಿನ ಸುತ್ತಲೂ ಕಣ್ಣಾಡಿಸಿದರು, ಸುಣ್ಣದ ಕಡ್ಡಿಯಿಂದ ಗಾಜಿನ ಮೇಲೆ ಒಂದು ಗುರುತು ಹಾಕಿದರು.

ಮರುದಿನ ನಾನು ಮೊದಲ ಬಸ್ಸಿನಲ್ಲಿ ಹುನಗುಂದಕ್ಕೆ ಬಂದೆ. ಗಾಡಿಗಳು ಇಳಕಲ್ಲಿನ ಕಡೆಯಿಂದ ನಮ್ಮೂರು ಹಾದು ಹೋಗುವುದಿತ್ತು. ಮೇಸ್ತ್ರಿ ಹಿಂದಿನ ರಾತ್ರಿಯೇ ಲಾರಿಯೊಂದನ್ನು ಹತ್ತಿ ಬಂದು, ಬೋಲ್ಟು ಬಿಗಿಯುವ ಪಾನಾಗಳನ್ನು ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿಕೊಂಡು ಕೂತಿದ್ದರು. ಒಂದೊಂದಾಗಿ ಗಾಡಿಗಳು ಧೂಳೆಬ್ಬಿಸುತ್ತ ಹೋದವು. ಡಾಕ್ಟರದು ಬರಲಿಲ್ಲ. ಇಳಕಲ್ಲಿನ ಬಸ್ಸು ಬಂತು. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದೇ ಕೂಗಿದ: "ಮೇಸ್ತ್ರೀ, ನಿಮ್ಮ ಡಾಕ್ಟರ್ ಗಾಡಿ ಹೊಲದಾಗ ಮಗಚೇತಿ! ನಾಕೂ ಗಾಲಿ ಮ್ಯಾಲ!"

ಮೇಸ್ತ್ರಿ ಎದ್ದು ನಿಂತರು. ಬಸ್ಸು ಆಗಲೇ ಹೋಗಿತ್ತು. ಅವರು ಕಂಬವೊಂದನ್ನು ಹಿಡಿದು ರಸ್ತೆಯತ್ತ ನೋಡುತ್ತ ನಿಂತರು. ನಾನು ಕಿಟಕಿಯಲ್ಲಿ ನಿಂತಿದ್ದೆ. ಆ ಮುಕ್ಕಾಲು ಗಂಟೆಯಲ್ಲಿ ನನ್ನ ವಹಿಯ ಆ ಒಂದು ಸಾಲು ಎಷ್ಟು ಸಲ ಕಣ್ಣಿಗೆ ಬಂತೋ.

ಕಾರು ಬಂತು, ತನ್ನ ಕಾಲ ಮೇಲೆ. ಚಾವಣಿ ತಗ್ಗಿತ್ತು, ಒಂದು ಬಾಗಿಲಿಗೆ ಹಗ್ಗ ಕಟ್ಟಿತ್ತು. ಡಾಕ್ಟರು ಹಣೆಯ ಗಾಯಕ್ಕೆ ಅರಿಶಿಣ ಮೆತ್ತಿಕೊಂಡು ಇಳಿದರು.

"ಗಾಡಿ ಮಗಚಿದ್ದಕ್ಕ ತಡಾ ಆಗಲಿಲ್ರಿ ಮೇಸ್ತ್ರಿ," ಎಂದರು. "ಹೊಲದಾನ ಮಂದಿ ಬಂದು ಎತ್ತಿ ನಿಂದರಸಿದ್ರು. ನಿಂದರಿಸಿ, ‘ಡಾಕ್ಟರ್ರ, ಹೆಂಗೂ ಬಂದೀರಿ, ನಮ್ಮ ಎತ್ತಿಂದು ಕಾಲು ಬಾತೈತಿ, ನೋಡಿ ಹೋಗ್ರಿ’ ಅಂದ್ರು. ಗಾಡೀ ಮುಂದ ಎತ್ತು ತಂದು ನಿಂದರಸ್ಯಾರ, ಹೆಂಗ ಹೋಗಲಿ? ನೋಡಿ, ಔಷಧಿ ಹೇಳಿ ಬಂದೆ!"

ಮೇಸ್ತ್ರಿ ಅದನ್ನು ಕೇಳುತ್ತಿರಲಿಲ್ಲ. ಕಾರಿನೊಳಗೆ ತಲೆ ಹಾಕಿ ಕಮಾನಿನ ಉದ್ದಕ್ಕೂ ಮುಂಗೈ ಆಡಿಸುತ್ತಿದ್ದರು. ಚಾವಣಿಯ ತಗಡು ಅದರ ಮೇಲೆ ಬಟ್ಟೆ ಒಣಹಾಕಿದಂತೆ ಇಳಿಬಿದ್ದಿತ್ತು. ಕೊಳವೆ ಬಾಗಿರಲಿಲ್ಲ. ಒಂದೂ ಕೀಲು ಬಿಟ್ಟಿರಲಿಲ್ಲ. "ಹೋಗ್ರಿ, ಹೋಗ್ರಿ. ಹೊತ್ತಾತು," ಎಂದು ಡಾಕ್ಟರನ್ನು ತಳ್ಳಿ ಕೂರಿಸಿದರು.

ಡಾಕ್ಟರು ಮುಗಿಸಿದರು. ಕೊನೆಯಿಂದ ಎರಡನೆಯವರಾಗಿ. ಆ ವಾರವೆಲ್ಲ ಬಸ್ ನಿಲ್ದಾಣದ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಬಂದವರಿಗೆಲ್ಲ ಕಥೆ ಹೇಳಿದರು: ಮೇಸ್ತ್ರಿ ವಹಿ ಓದಿದ್ದು, ಹೊಲಿಗೆ ಬೇಡವೆಂದು ತಿಳಿದದ್ದು, ಬೋಲ್ಟು ಜಡಿದದ್ದು. ಪ್ರೀತಿಯಿಂದಲೇ ಹೇಳಿದರು, ‘ನಮ್ಮ ಹೊಲಿಗಿ ಮೇಸ್ತ್ರಿ’ ಎಂದು. ತಿಂಗಳಿಗೆ ಅವರು ವರ್ಗವಾಗಿ ಹೋದರು. ಹೆಸರು ಉಳಿಯಿತು. ಲಾರಿಯವರ ಬಾಯಲ್ಲಿ ಅದು ಬೇರೆಯಾಯಿತು. "ಏ ಹೊಲಿಗಿ ಮೇಸ್ತ್ರಿ, ಅಂಗಿ ಗುಂಡಿ ಹರದೈತಿ, ಹಚ್ಚಿಕೊಡ್ತಿಯೇನೋ?" ಎಂದು ರಸ್ತೆಯಿಂದಲೇ ಕೂಗುತ್ತಿದ್ದರು. ಇಳಕಲ್ಲಿನ ಒಬ್ಬ ಲಾರಿ ಮಾಲೀಕ, "ಬರದದ್ದು ತಿಳಿಯದಂವನ ಕೈಯಾಗ ಹೊಸಾ ಗಾಡಿ ಹೆಂಗ ಕೊಡೂದು," ಎಂದು ತನ್ನ ಗಾಡಿಗಳನ್ನು ಬೇರೆ ಕಡೆ ಕಳಿಸಿದನೆಂದು ಕೇಳಿದೆ. ನನಗೆ ಕಿಟಕಿಯ ಬಳಿ ಕೂರುವುದು ಸಾಧ್ಯವಾಗಲಿಲ್ಲ.

ಮುಂದಿನ ರಜೆ ಮುಗಿಸಿ ಧಾರವಾಡಕ್ಕೆ ಹೊರಡುವ ಹಿಂದಿನ ದಿನ ರಸ್ತೆ ದಾಟಿ ಹೋದೆ. ಮೇಸ್ತ್ರಿ ಕುಣಿಯೊಳಗಿದ್ದರು. ಮೇಲೆ ನಿಂತೇ ಹೇಳಿದೆ, ತಪ್ಪು ನನ್ನದು, ಡಾಕ್ಟರಿಗೆ ಪತ್ರ ಬರೆಯುತ್ತೇನೆ, ಊರಿಗೂ ಹೇಳುತ್ತೇನೆ ಎಂದು.

"ನಿಂದೇನು ತಪ್ಪು? ಹೊಲಿಗಿ ಅಂದ್ರ ಹೊಲಿಗೀನ. ಯಾವ ಹೊಲಿಗಿ ಅಂತ ನಾ ಕೇಳಬೇಕಿತ್ತು."

"ನೀವು ಕೇಳಿದ್ರಿ ಕಾಕಾ. ನಾನ ತೆಗದು ನೋಡಲಿಲ್ಲ."

ಅವರು ಸ್ವಲ್ಪ ಹೊತ್ತು ಪಾನಾ ತಿರುವಿದರು. "ನೀ ಇನ್ನ ಓದಾಕಿ, ನೌಕರಿ ಮಾಡಾಕಿ. ‘ಈಕಿ ಓದಿದ್ದು ತಪ್ಪು’ ಅಂತ ಈ ಊರ ಮಂದಿ ಒಮ್ಮೆ ಅಂದ್ರ ಜನ್ಮಪೂರ್ತಿ ಅಂತಾರ. ನನಗ ಅಂದ್ರ ಏನಾತು? ನಮ್ಮಪ್ಪ ನೇಯ್ದ, ನಾ ಹೊಲದೆ. ಹೆಸರು ಛಲೋನ ಐತಿ." ಆಮೇಲೆ, "ಆ ಹದಿನಾಲ್ಕರ ಪಾನಾ ಕೊಡು," ಎಂದು ಕೈ ಚಾಚಿದರು.

ಕೊಟ್ಟೆ. ಅವರ ಮಾತನ್ನು ನೆಪ ಮಾಡಿಕೊಂಡೆ ಎಂದೂ ಹೇಳಬೇಕು. ಪತ್ರ ಬರೆಯಲಿಲ್ಲ. ಓದು ಮುಗಿಯಿತು, ಬಾಗಲಕೋಟೆಯ ಕಾಲೇಜಿನಲ್ಲಿ ಕೆಲಸವಾಯಿತು. ವಿದ್ಯಾರ್ಥಿಗಳಿಗೆ ಪುಸ್ತಕದ ಪ್ರತಿಯೊಂದು ಪದವನ್ನೂ ಎರಡು ಸಲ ನೋಡಿಯೇ ಹೇಳುತ್ತೇನೆ. ಅವರು ಅದನ್ನು ನನ್ನ ಸ್ವಭಾವವೆಂದುಕೊಂಡಿದ್ದಾರೆ. ಏಳು ವರ್ಷ ಹೀಗೆ ಕಳೆಯಿತು.

ಕಳೆದ ಚಳಿಗಾಲದಲ್ಲಿ ನಾಲ್ಕು ದಿನದ ಜ್ವರದಲ್ಲಿ ಮೇಸ್ತ್ರಿ ಹೋದರು. ಸುದ್ದಿ ತಿಳಿದು ನಾನು ಹುನಗುಂದಕ್ಕೆ ಬಂದೆ. ಮೂರನೆಯ ದಿನ ಮಾತನಾಡಿಸಲು ಬಂದವರಿಂದ ಗ್ಯಾರೇಜಿನ ಹಿಂದಿನ ಆ ಸಣ್ಣ ಮನೆ ತುಂಬಿತ್ತು. ಅರ್ಧಕ್ಕರ್ಧ ಲಾರಿಯವರು. ಡಾಕ್ಟರು ಎರಡು ಬಸ್ಸು ಬದಲಿಸಿ ಬಂದಿದ್ದರು, ತಲೆ ನರೆತಿತ್ತು. ಮೇಸ್ತ್ರಿಯ ಹೆಂಡತಿಯ ಎದುರು ಕೂತು ಹಳೆಯ ಕಥೆಯನ್ನೇ ಹೇಳಿದರು. ಕಣ್ಣು ಒರೆಸಿಕೊಳ್ಳುತ್ತ ಕೊನೆಗೆ, "ಜೀವಮಾನದಾಗ ಒಂದ ತಪ್ಪು ಮಾಡಿದ ಮನಶಾ ಅಂವಾ. ಅದನ್ನೂ ಒಂದ ದಿನದಾಗ ತಿದ್ದಿದ. ನನ್ನ ತಲಿ ಉಳಿಸಿದ," ಎಂದರು. ಲಾರಿಯವರು ಹೌದು ಹೌದು ಎಂದರು.

"ಆ ತಪ್ಪು ಅವರದಲ್ರಿ," ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಅಷ್ಟು ಜನರೆದುರು ಮಾತಾಡಿದ್ದು ನನಗೆ ಪಾಠದ ಹೊರಗೆ ಅದೇ ಮೊದಲು. ನಿಂತುಕೊಂಡೇ ಹೇಳಿದೆ: ವಹಿ ಬರೆದದ್ದು ನಾನು, ಪದ ತಪ್ಪಿದ್ದು ನಾನು, ಅವರು ಬೆರಳಿಟ್ಟು ಕೇಳಿದಾಗ ತೆರೆದು ನೋಡದವಳು ನಾನು, ಮೈದಾನದಲ್ಲಿ ಬಾಯಿ ಬಿಡದವಳೂ ನಾನು.

ಡಾಕ್ಟರು ನೆಲ ನೋಡುತ್ತಿದ್ದರು. "ಅಂವಾ ಒಮ್ಮೆನೂ ಹೇಳಲಿಲ್ಲಲ್ರಿ," ಎಂದರು. ಮೇಸ್ತ್ರಿಯ ಹೆಂಡತಿ ಸೆರಗಿನೊಳಗಿನಿಂದಲೇ, "ನನಗೂ ಹೇಳಿದ್ದಿಲ್ಲ," ಎಂದರು.

ಬಾಗಿಲ ಬಳಿ ನಿಂತಿದ್ದ ಒಬ್ಬ ಮುದುಕ ಲಾರಿ ಚಾಲಕ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅಂಗಿಯ ಗುಂಡಿ ಹಚ್ಚಿಕೊಡೆಂದು ಕೂಗುತ್ತಿದ್ದವನು ಅವನೇ.

"ಹಂಗಾರ ಆ ಹೆಸರು ನಿಮಗ ಬರಬೇಕಿತ್ತಲ್ಲವಾ," ಎಂದ.

"ಹೌದ್ರಿ," ಎಂದೆ. "ನನಗ ಬರಬೇಕಿತ್ತು."